ಅಂಗೈ ಮೀರಿದವಳು

ನನ್ನ ಅಂಗೈ ಅವರಿಗೆ ಬೇಕು. ಮುಂಗೈ ಬೇಡ. ಮೊಣಕೈಯಂತೂ ಬೇಡವೇ ಬೇಡ.

ಇದನ್ನು ಕೇಳಿ ನಗಬೇಕೋ ಅಳಬೇಕೋ ನಿಮಗೆ ಬಿಟ್ಟಿದ್ದು. ನಾನು ಎರಡನ್ನೂ ಮಾಡಿ ಮುಗಿಸಿದ್ದೇನೆ. ಈಗ ಉಳಿದಿರುವುದು ಸಿಟ್ಟೊಂದೇ.

ನಾನು ದುರುಗಮ್ಮ. ವಯಸ್ಸು ನಲವತ್ತೇಳು. ಹರಿಹರದಲ್ಲಿ ಒಂದು ಕೋಣೆಯ ಮನೆ. ಗಂಡ ಓಬಯ್ಯ ಸತ್ತು ಏಳು ವರ್ಷವಾಯಿತು. ಮಕ್ಕಳಿಲ್ಲ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ದಾವಣಗೆರೆಗೆ ಹೋಗುತ್ತಿದ್ದೆ. ಅಲ್ಲಿ ವಿದ್ಯಾನಗರದಲ್ಲಿ ಒಂದು ಮಸಾಜ್ ಸೆಂಟರ್. ಬಾಗಿಲ ಮೇಲೆ ‘ಸ್ಪರ್ಶವೇ ಔಷಧ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಹೆಂಗಸರಿಗೆ ಎಣ್ಣೆ ತಿಕ್ಕುವುದು ನನ್ನ ಕೆಲಸ. ದಿನಕ್ಕೆ ಐದು ಮೈ. ಹಬ್ಬ ಕಳೆದ ಮೇಲೆ ಏಳು ಮೈ, ಯಾಕೆಂದರೆ ಹಬ್ಬ ಮಾಡಿದ ಹೆಂಗಸರ ಸೊಂಟ ಉಳಿದಿರುವುದಿಲ್ಲ. ನಾನು ಯಾರ ಮುಖವನ್ನೂ ನೆನಪಿಡುವುದಿಲ್ಲ. ಬೆನ್ನು ನೆನಪಿಡುತ್ತೇನೆ.

ದಿನವಿಡೀ ನಾನು ಬೇರೆಯವರನ್ನು ಮುಟ್ಟುತ್ತೇನೆ. ನನ್ನನ್ನು ಯಾರೂ ಮುಟ್ಟುವುದಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದಾದರೂ ಹೆಗಲು ತಾಗಿದರೆ ಅದೇ. ದಾರಿಯಲ್ಲಿ ಸಿಗುವ ಬಾತಿ ಊರು ದಾಟುವವರೆಗಾದರೂ ಆ ಹೆಗಲು ಹಾಗೇ ಇರಲಿ ಅನ್ನಿಸುತ್ತಿತ್ತು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಕಸುಬು ಅವ್ವನಿಂದ ಬಂದದ್ದು. ಅವ್ವ ನೀಲಕ್ಕ ಭಾನುವಳ್ಳಿಯ ಸೂಲಗಿತ್ತಿ. ನಮ್ಮದು ಊರ ಹೊರಗಿನ ಕೇರಿ. ಊರೊಳಗಿನ ಅರ್ಧ ಕೂಸುಗಳು ಮೊದಲು ಬಿದ್ದದ್ದು ಅವಳ ಕೈಗೆ. ಹೆರಿಗೆ ಮಾಡಿಸುವುದು, ಆಮೇಲೆ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು. ಹನ್ನೊಂದನೆಯ ದಿನ ಆ ಮನೆಯವರು ಮೈಲಿಗೆ ಕಳೆದುಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಅವ್ವ ಹಿತ್ತಲ ಬಚ್ಚಲಿಗಷ್ಟೇ ಹೋಗಬೇಕು, ಒಳಗೆ ಕಾಲಿಡುವ ಹಾಗಿಲ್ಲ. ಕೂಸು ಎತ್ತಿದ ಕೈಗೆ ಕೂಸಿನ ಹೆಸರಿಡುವ ದಿನ ಊಟ ಎಲೆಯಲ್ಲಿ ಕಟ್ಟಿ ಬರುತ್ತಿತ್ತು.

ನನಗೆ ಹತ್ತು ವರ್ಷವಾದಾಗ ಅವ್ವ ಕೇರಿಯ ಕೂಸುಗಳ ಮೇಲೆ ಕೆಲಸ ಕಲಿಸಿದಳು. ಅವಳ ಮಾತು ಇನ್ನೂ ಕಿವಿಯಲ್ಲಿದೆ.

“ಮಣಿಕಟ್ಟು ಮಡಚಿ ಒತ್ತಬ್ಯಾಡಲೇ. ಮಡಚಿದ್ರೆ ಮಣಿಕಟ್ಟೇ ಹೋಗ್ತೈತೆ. ಕೈ ನೆಟ್ಟಗೆ ಇಡು. ಸೊಂಟದಿಂದ ಭಾರ ಬಿಡು. ಬೆರಳು ದಣಿದ್ರೆ ಮುಂಗೈ ಹಾಕು. ದೊಡ್ಡ ಮೈ ಸಿಕ್ರೆ ಮೊಣಕೈ ಹಾಕು. ಕೈ ಒಂದೇ ಸಲ ಕೊಡ್ತಾನೆ ದೇವ್ರು.”

ಮೂವತ್ತು ವರ್ಷದ ಮೇಲೆ ಸೆಂಟರಿನವರು ನಮಗೆ ತರಬೇತಿ ಕೊಡಿಸಿದರು. ಕೇರಳದಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಆರು ದಿನ ಹೇಳಿದ್ದು ಇದನ್ನೇ. ಮಣಿಕಟ್ಟು ನೆಟ್ಟಗಿರಬೇಕು. ಹೆಬ್ಬೆರಳಿಗೆ ಕೆಲಸ ಕಡಿಮೆ ಕೊಡಬೇಕು. ಬೆನ್ನಿಗೆ ಮಣಿಕಟ್ಟಿನಿಂದ ಮೊಣಕೈವರೆಗಿನ ಮುಂಗೈ ಬಳಸಬೇಕು. ನಿಂತು ಕೈ ಇಳಿಬಿಟ್ಟರೆ ಮುಷ್ಟಿ ಮಂಚಕ್ಕೆ ತಾಗಬೇಕು, ಮಂಚ ಅದಕ್ಕಿಂತ ಎತ್ತರ ಇರಬಾರದು. ಒಂದು ಮೈ ಮುಗಿದ ಮೇಲೆ ಕೈ ಕೊಡವಿ ಸುಧಾರಿಸಿಕೊಳ್ಳಬೇಕು. ನಾನು ನಕ್ಕುಬಿಟ್ಟೆ. ಯಾಕೆ ಅಂದರು. ನಮ್ಮವ್ವನ ಮಾತನ್ನೇ ನೀವು ಹಾಳೆ ಮೇಲೆ ಬರಕೊಂಡು ಬಂದೀರಲ್ಲ ಸಾರ್ ಅಂದೆ.

ಅಲ್ಲಿಯ ಮಂಚ ಎತ್ತರದ್ದು, ನಾನು ಗಿಡ್ಡಿ. ಮಂಚದ ಕಾಲು ಕೊಯ್ಯಿಸಿರಿ ಅಂದರೆ ಯಾರು ಕೇಳುತ್ತಾರೆ? ಅವ್ವನ ಮಣೆ ಮನೆಯಲ್ಲಿತ್ತು, ಬಾಣಂತಿಯರಿಗೆ ನೀರು ಹಾಕುವಾಗ ಅವಳು ಕೂರುತ್ತಿದ್ದದ್ದು. ಅದನ್ನೇ ಒಯ್ದು ಮಂಚದ ಪಕ್ಕ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದೆ. ಆರು ವರ್ಷ ಕೈಗೆ ಏನೂ ಆಗಲಿಲ್ಲ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಇಷ್ಟೆಲ್ಲ ಬಲ್ಲ ಅವ್ವನ ಮಣಿಕಟ್ಟೇ ಹೋಗಿತ್ತು. ಕಡೆಯ ನಾಲ್ಕು ವರ್ಷ ಹರಿಹರದಲ್ಲಿ ನನ್ನ ಜೊತೆಗಿದ್ದಾಗ ಅವಳ ಬಲಗೈ ಬೆರಳು ಮಡಚಿಕೊಂಡೇ ಇದ್ದವು. ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ನಾನು ಮುರಿದು ಬಾಯಿಗೆ ಇಡುತ್ತಿದ್ದೆ. ಒಂದು ದಿನ ತಮಾಷೆಗೆ ಅಂದೆ, “ಊರಿಗೆಲ್ಲ ಹೇಳಿದಿ, ನೀನೇ ಮಾಡ್ಲಿಲ್ಲ. ಹೇಳೋದು ಆಚಾರ, ತಿನ್ನೋದು ಬದ್ನೆಕಾಯಿ.” ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಹೋದ ಶ್ರಾವಣದಲ್ಲಿ ಕೊಟ್ರಮ್ಮ ಸೆಂಟರಿಗೆ ಬಂದಳು. ಎಪ್ಪತ್ತೆಂಟು ವರ್ಷ. ಭಾರಿ ಮೈ. ಬಚ್ಚಲಲ್ಲಿ ಜಾರಿಬಿದ್ದು ಬೆನ್ನು ಹಿಡಿದುಕೊಂಡಿತ್ತು. ನಲವತ್ತು ದಿನದ ಚಿಕಿತ್ಸೆ. ಸೊಸೆ ರೂಪಶ್ರೀ ಕಾರಿನಲ್ಲಿ ಕರೆತಂದಿದ್ದಳು. ಮಾಲಕಿ ಶಾಂತಕುಮಾರಿ ಮೇಡಂ ಬಾಗಿಲವರೆಗೆ ಹೋಗಿ ಕೈಹಿಡಿದು ಕರೆತಂದರು.

ಮಲಗುವ ಮೊದಲು ಕೊಟ್ರಮ್ಮ ಕೇಳಿದಳು, “ಯಾವೂರಮ್ಮ ನಿಂದು?”

“ಭಾನುವಳ್ಳಿ ಅಮ್ಮಾರೆ.”

“ಹೌದೇನು! ನಮ್ದೂ ಅಲ್ಲೇ, ಹೊಲ ಮನಿ ಎಲ್ಲ ಅಲ್ಲೇ ಇದ್ವು. ಯಾರ ಮಗಳು?”

ಸುಮ್ಮನಿರಬೇಕಿತ್ತು. ಆದರೆ ಅವ್ವನ ಹೆಸರು ಹೇಳುವಾಗ ನನಗೆ ಎದೆ ಉಬ್ಬುತ್ತದೆ. “ಸೂಲಗಿತ್ತಿ ನೀಲಕ್ಕನ ಮಗಳು” ಅಂದೆ.

ಕೊಟ್ರಮ್ಮ ಸೆರಗನ್ನು ಮೈಗೆ ಎಳೆದುಕೊಂಡಳು. “ಕೇರಿ ನೀಲಿ ಮಗಳಾ?”

ನೀಲಕ್ಕ ನೀಲಿಯಾದಳು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ನಮ್ಮ ಹೆಸರು ಸಣ್ಣದಾಗುತ್ತದೆ.

ಆಮೇಲೆ ಅವಳು ಹೇಳಿದಳು, “ನನ್ನ ಮೂರು ಹೆರಿಗೇನೂ ನಿಮ್ಮವ್ವನೇ ಮಾಡ್ಸಿದ್ದು. ಕೈಗುಣ ಇತ್ತು. ನೀನೂ ತಿಕ್ಕು. ಆದ್ರೆ ನಮ್ಮ ಮನಿ ಪದ್ಧತಿ ಒಂದೈತೆ. ಎಣ್ಣೆ ಹಚ್ಚಿದ ಅಂಗೈಗೆ ಮೈಲಿಗಿ ಇಲ್ಲ. ಮಣಿಕಟ್ಟು ದಾಟಿ ಮ್ಯಾಲಿದ್ದದ್ದು ನನ್ನ ಮೈಗೆ ತಾಕಬಾರ್ದು. ತಿಳೀತಾ?”

ಇಂಥ ಪದ್ಧತಿ ನಾನು ಕೇಳಿರಲಿಲ್ಲ. ಅವ್ವ ಹೇಳಿರಲಿಲ್ಲ. ಮೇಡಂ ಮುಖ ನೋಡಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು.

ಆಮೇಲೆ ಹೊರಗೆ ಕೇಳಿದೆ, “ಮೇಡಂ, ಇದೆಂಥ ಮಾತು? ಇನ್ನೂ ಇದು ನಡೀತೈತಾ?”

“ದೊಡ್ಡೋರು ದುರುಗಮ್ಮ. ವಯಸ್ಸಾಗೈತೆ. ಅವ್ರು ಒಬ್ರು ಚೆನ್ನಾಗೈತೆ ಅಂದ್ರೆ ಹತ್ತು ಮನಿಯೋರು ಬರ್ತಾರೆ. ಅಂಗೈಲೇ ತಿಕ್ಕಿದ್ರೆ ನಿನ್ನ ಗಂಟೇನು ಹೋಗ್ತೈತೆ?”

“ಗಂಟು ಹೋಗಲ್ಲ ಮೇಡಂ. ಕೈ ಹೋಗ್ತೈತೆ.”

“ಹೋದಾಗ ನೋಡೋಣ ಬಿಡು.”

ಅಂಗೈ ಒಂದರಿಂದಲೇ ಒತ್ತಿ ನೋಡಿ. ಹಲಗೆಯ ಮೇಲೆ ಬೇಡ, ಎಂಬತ್ತು ಕೆಜಿಯ ಬೆನ್ನಿನ ಮೇಲೆ. ಮುಂಗೈ ತಾಗಬಾರದು ಅಂದರೆ ಕೈ ಎತ್ತಿ ಹಿಡಿಯಬೇಕು. ಕೈ ಎತ್ತಿ ಹಿಡಿದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಮಡಚಿದ ಮಣಿಕಟ್ಟಿನ ಮೇಲೆ ಇಡೀ ಮೈಭಾರ ಕೂರುತ್ತದೆ. ಮೇಷ್ಟ್ರು ಯಾವುದನ್ನು ಮಾಡಬೇಡಿ ಅಂದಿದ್ದರೋ ಅದನ್ನೇ ದಿನಾ ಒಂದು ಗಂಟೆ ಮಾಡಿದೆ. ಬೆನ್ನುಮೂಳೆಯ ಎರಡೂ ಪಕ್ಕ ಗಂಟುಗಟ್ಟಿದ ಮಾಂಸ. ಅದನ್ನು ಹೆಬ್ಬೆರಳಿನಿಂದ ಬಿಡಿಸಬೇಕು. ಮೊಣಕೈಗೆ ಅದು ಎರಡು ನಿಮಿಷದ ಕೆಲಸ.

ವಾರಕ್ಕೆ ಹೆಬ್ಬೆರಳಿನ ಬುಡ ಊದಿತು. ಎರಡು ವಾರಕ್ಕೆ ಮೂರು ಬೆರಳು ಜೋಮು ಹಿಡಿದವು. ಬೆಳಿಗ್ಗೆ ಎದ್ದರೆ ಬಲಗೈ ನನ್ನದಲ್ಲ ಅನ್ನಿಸುತ್ತಿತ್ತು. ನಲ್ಲಿ ತಿರುಗಿಸಲು ಎಡಗೈ. ಬಾಗಿಲ ಚಿಲಕಕ್ಕೆ ಎಡಗೈ. ರವಿಕೆಯ ಹುಕ್ಕು ಹಾಕಲು ಕಾಲು ಗಂಟೆ. ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಒಂದು ದಿನ ಮುಗ್ಗರಿಸಿದೆ. “ಕುಡಿದೀಯೇನಮ್ಮ?” ಅಂದ ಕಂಡಕ್ಟರ್. ಎಲ್ಲರೂ ನಕ್ಕರು. ಸೆಂಟರಿನಲ್ಲಿ ಎಣ್ಣೆಯ ಬಟ್ಟಲು ಕೈಯಿಂದ ಜಾರಿತು. ಬಿದ್ದ ಎಣ್ಣೆಯನ್ನು ಮೊಣಕಾಲೂರಿ ಒರೆಸಿದೆ, ಎಡಗೈಯಲ್ಲಿ.

ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರ್. ನನ್ನ ಕೈಯನ್ನು ತಿರುಗಿಸಿ ನೋಡಿದರು. ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟಿದರು. ಮಿಂಚು ಹೊಡೆದ ಹಾಗಾಯಿತು. ಆದರೂ ಅವರು ಕೈ ಬಿಡದಿರಲಿ ಅಂದುಕೊಂಡೆ. ಎಷ್ಟು ವರ್ಷವಾಗಿತ್ತು ಒಬ್ಬರು ನನ್ನ ಕೈ ಹಿಡಿದು.

“ನರ ಒತ್ತಿಕೊಂಡೈತೆ. ಈ ಪಟ್ಟಿ ಕಟ್ಕೊಳ್ರಿ. ಮಣಿಕಟ್ಟು ಮಡಚಿ ಭಾರ ಹಾಕೋದು ಇವತ್ತಿಗೇ ನಿಲ್ಲಿಸ್ರಿ. ಹಿಂಗೇ ಎರಡು ತಿಂಗಳು ಮಾಡಿದ್ರೆ ಹಿಡಿತ ಹೋಗ್ತೈತೆ. ಆಮೇಲೆ ಆಪರೇಷನ್ ಮಾಡಿದ್ರೂ ಪೂರ್ತಿ ಬರ್ತೈತೆ ಅಂತ ಹೇಳಕಾಗಲ್ಲ.” ಆಮೇಲೆ ಕೇಳಿದರು, “ಮನೀಲಿ ಯಾರಿದಾರೆ? ಮುಂಗೈಗೆ ಬೆಚ್ಚಗೆ ಎಣ್ಣೆ ಹಚ್ಚಿ ಹಗೂರಕ್ಕೆ ತಿಕ್ಕಿಸ್ಕೊಳ್ರಿ.”

“ಯಾರೂ ಇಲ್ಲ” ಅಂದೆ.

ಅವರು ಚೀಟಿ ಬರೆದರು.

ಮೇಡಂಗೆ ಹೇಳಿದೆ. ಕೊಟ್ರಮ್ಮನನ್ನು ಲತಾಗೆ ಕೊಡಿ ಅಂದೆ. ಲತಾ ನನ್ನ ಜೊತೆ ಕೆಲಸ ಮಾಡುವ ಹುಡುಗಿ, ಊರೊಳಗಿನ ರೈತರ ಮನೆಯವಳು. ಅವಳಿಗೆ ಅಂಗೈ ಮುಂಗೈ ಲೆಕ್ಕ ಇಲ್ಲ. ಒಂದು ದಿನ ಕೊಟ್ಟರು. ಮರುದಿನ ಕೊಟ್ರಮ್ಮ ಬೇಡ ಅಂದಳು, ಲತಾಳ ಕೈ ಬರೀ ಹಿಟ್ಟು ನಾದುವ ಕೈಯಂತೆ. ನೀಲಿಯ ಮಗಳೇ ಬೇಕಂತೆ. ಕೈ ಬೇಕು, ಕೈಯ ಉಳಿದರ್ಧ ಬೇಡ.

ಲತಾ ನನ್ನ ಬುತ್ತಿಯ ಮುಚ್ಚಳ ತೆಗೆದುಕೊಡುತ್ತಾ ಅಂದಳು, “ಅಕ್ಕಾ, ನೀನ್ಯಾಕ ಊರು ಕೇರಿ ಹೇಳಕ್ಕೋದಿ? ಸುಮ್ನೆ ಇರಬೇಕಿತ್ತು.”

ತಪ್ಪು ನನ್ನದೇ ಎಂದು ತೀರ್ಮಾನವಾಯಿತು.

ಇಪ್ಪತ್ತಮೂರನೆಯ ದಿನ. ಕೊಟ್ರಮ್ಮ ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದಳು. ನನ್ನ ಅಂಗೈ ಕೆಲಸ ಮಾಡುತ್ತಿರಲಿಲ್ಲ. ಬೆರಳಿಗೆ ಹೇಳಿದರೆ ಬೆರಳು ಕೇಳುತ್ತಿರಲಿಲ್ಲ. ಅವ್ವನ ಮಣೆಯ ಮೇಲೆ ನಿಂತೆ. ಒಂದು ಕಾಲು ಹಿಂದಿಟ್ಟೆ. ಮುಂಗೈಗೆ ಎಣ್ಣೆ ಸವರಿಕೊಂಡು ಅವಳ ಸೊಂಟದ ಮೇಲೆ ಇಟ್ಟೆ. ಸೊಂಟದಿಂದ ಭಾರ ಬಿಟ್ಟೆ. ಹೆಗಲಿನವರೆಗೆ ಒಂದೇ ಎಳೆತ. ಮಣಿಕಟ್ಟು ಗಾಳಿಯಲ್ಲಿ ಸುಮ್ಮನೆ ಇಳಿಬಿದ್ದಿತ್ತು, ಯಾವ ಕೆಲಸವೂ ಇಲ್ಲದೆ. ನನ್ನ ಕಣ್ಣಲ್ಲಿ ನೀರು ಬಂತು, ಆ ಸುಖಕ್ಕೆ.

ಮೊಣಕೈ ಗಂಟಿನ ಮೇಲೆ ಕೂತಾಗ ಅವಳಿಗೆ ಎಚ್ಚರವಾಯಿತು. ನಾನು ಮೊಣಕೈ ಎತ್ತಲು ಹೋದೆ.

“ಹಾಂ... ಈಗ ಕೈ ಬಿತ್ತು ನೋಡು” ಅಂದಳು. “ಹಿಂಗೆ ತಿಕ್ಕು.”

ಮುಂದೆ ಒಂಬತ್ತು ದಿನ ಹಾಗೇ ತಿಕ್ಕಿದೆ. ಅವಳು ಬೋರಲು ಮಲಗುತ್ತಾಳೆ, ಕಾಣುವುದಿಲ್ಲ. ಮೊದಲು ಎರಡು ಸಲ ಅಂಗೈ, ಆಮೇಲೆ ಮುಂಗೈ. ನನ್ನ ಊತ ಇಳಿಯಿತು. ಜೋಮು ಕಡಿಮೆಯಾಯಿತು. ಒಂದು ಬೆಳಿಗ್ಗೆ ಬಲಗೈಯಿಂದ ನಲ್ಲಿ ತಿರುಗಿತು. ಸುಮ್ಮನೆ ನಾಲ್ಕು ಸಲ ತೆಗೆದು ಮುಚ್ಚಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಲ್ಲಿಗೇ ಹೇಳಿದೆ.

ಅವಳ ಬೆನ್ನೂ ಬಿಟ್ಟುಕೊಟ್ಟಿತು. ಈಗ ಅವಳು ಒಬ್ಬಳೇ ಮಂಚದಿಂದ ಇಳಿಯುತ್ತಿದ್ದಳು. “ಈ ಹುಡುಗಿ ಅಂಗೈಯಾಗೆ ಮಾಯೆ ಐತೆ” ಎಂದು ಮೇಡಂಗೆ ಹೇಳಿದಳು. ಮೇಡಂ ನನ್ನ ಕಡೆ ನೋಡಿ ನಕ್ಕರು. ನೋಡಿದೆಯಾ, ಅಂಗೈಯಿಂದಲೇ ಆಯಿತಲ್ಲ ಅನ್ನುವ ನಗು. ನಾನು ಸುಮ್ಮನಿದ್ದೆ. ಇನ್ನು ಎಂಟು ದಿನ ಸುಮ್ಮನಿದ್ದರೆ ನಲವತ್ತು ಮುಗಿಯುತ್ತಿತ್ತು. ಕೈ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು.

ಮೂವತ್ತೆರಡನೆಯ ದಿನ ಕೊಟ್ರಮ್ಮನಿಗೆ ಮಾತಿನ ಹುಕಿ ಬಂದಿತ್ತು. ಬೋರಲು ಮಲಗಿ ಕೆನ್ನೆಯನ್ನು ಕೈ ಮೇಲಿಟ್ಟುಕೊಂಡು ಹೇಳತೊಡಗಿದಳು.

“ನಿಮ್ಮವ್ವ ಬಾಳ ಒಳ್ಳೇಕಿ. ನನ್ನ ಬಾಣಂತನದಾಗೆ ಮೈ ಅಂದ್ರೆ ಇದಕ್ಕಿಂತ ದೊಡ್ಡದು. ತಿಕ್ಕಿ ತಿಕ್ಕಿ ಅವಳ ಕೈ ಬನ್ನಿನಂಗೆ ಊದೋದು. ಒಂದಿನ ಕೇಳಿದ್ಲು, ‘ಅಮ್ಮಾರೆ, ಒಂದೇ ಒಂದು ಸಲ ಮೊಣಕೈ ಹಾಕ್ಲಾ?’ ಅಂತ. ನಮ್ಮತ್ತಿ ಒಳಗಿಂದ ಕೇಳಿಸ್ಕೊಂಡು ಬೈದ್ರು ನೋಡು... ಆಮೇಲೆ ಎಂದೂ ಕೇಳ್ಲಿಲ್ಲ. ನಂದು ಮೂರು, ನಮ್ಮ ನಾದಿನೇರದ್ದು ನಾಕು, ಏಳು ಬಾಣಂತನ ಮಾಡಿದ್ಲು. ಒಂದಿನಾನೂ ಅಂಗೈ ಮೀರ್ಲಿಲ್ಲ.”

ನನ್ನ ಮೊಣಕೈ ಅವಳ ಬೆನ್ನಿನ ಮೇಲೆ ನಿಂತಿತು.

ಅವ್ವನ ಮಡಚಿದ ಬೆರಳು ಕಣ್ಣಿಗೆ ಬಂದವು. ರೊಟ್ಟಿ ಕಂಡಿತು. ಬದನೆಕಾಯಿಯ ಮಾತು ನನ್ನದೇ ಬಾಯಿಂದ ಕೇಳಿಸಿತು. ಮತ್ತೆ ಅವ್ವ ಗೋಡೆಯ ಕಡೆ ತಿರುಗಿದಳು. ಅವಳು ಬಲ್ಲವಳು. ಎಲ್ಲ ಬಲ್ಲವಳು. ತನಗೆ ಮಾಡಲು ಬಿಡದ್ದನ್ನು ನನಗೆ ಕಲಿಸಿದ್ದಳು. ಯಾರು ಬಿಡಲಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ನಾನು ಅವಳನ್ನು ಆಡಿಕೊಂಡಿದ್ದೆ.

“ಯಾಕ ನಿಲ್ಸಿದಿ?” ಅಂದಳು ಕೊಟ್ರಮ್ಮ.

“ಅಮ್ಮಾರೆ, ಈಗ ನಿಮ್ಮ ಬೆನ್ನ ಮ್ಯಾಲೆ ಏನೈತೆ?”

“ಏನೈತೆ ಅಂದ್ರೆ? ಅಂಗೈ.”

“ಅಲ್ಲ. ಮೊಣಕೈ. ಒಂಬತ್ತು ದಿನದಿಂದ ಮೊಣಕೈ. ನಿಮ್ಮ ಬೆನ್ನು ಬಿಟ್ಟಿದ್ದು ಇದರಿಂದ. ನಮ್ಮವ್ವ ಕೇಳಿದ್ಲಲ್ಲ, ಒಂದು ಸಲ, ಅದೇ ಮೊಣಕೈ.”

ಅವಳು ಕಿರುಚಿದಳು. ಏಳಲು ಹೋದಳು. ಎಣ್ಣೆಯ ಮಂಚ, ಜಾರಿದಳು. ಬೀಳದಂತೆ ಹಿಡಿದದ್ದು ನಾನೇ. ಎರಡೂ ಕೈಯಿಂದ ತಬ್ಬಿ ಹಿಡಿದೆ, ಅಂಗೈ ಮುಂಗೈ ಮೊಣಕೈ ಎಲ್ಲ ಸೇರಿಸಿ. “ಬಿಡು, ಬಿಡು” ಅನ್ನುತ್ತಿದ್ದಳು. ಬಿಟ್ಟಿದ್ದರೆ ಸೊಂಟ ಮುರಿಯುತ್ತಿತ್ತು.

ರೂಪಶ್ರೀ ಓಡಿಬಂದಳು. ಲತಾ ಬಂದಳು. ಮೇಡಂ ಬಂದರು. ಬಿಸಿನೀರು ಕಾಯಿಸಿರಿ, ತಲೆಗೆ ಹಾಕಬೇಕು ಎಂದು ಗದ್ದಲ. ನನ್ನನ್ನು ಹೊರಗೆ ನಿಲ್ಲಿಸಿದರು.

ಮೇಡಂ ಮುಖ ಕೆಂಪಾಗಿತ್ತು. “ಹೋಗು, ಕಾಲು ಹಿಡಿದು ತಪ್ಪಾಯ್ತು ಅನ್ನು.”

“ಯಾವುದ್ರಿಂದ ಹಿಡೀಲಿ ಮೇಡಂ? ಅಂಗೈಯಿಂದಾನಾ?”

“ದುರಹಂಕಾರ ಮಾಡಬ್ಯಾಡ. ತಪ್ಪಾಯ್ತು, ಇನ್ಮ್ಯಾಲೆ ಅಂಗೈ ಮೀರಲ್ಲ ಅನ್ನು. ಅಷ್ಟಂದ್ರೆ ಸಾಕು, ನಾನು ಸರಿ ಮಾಡ್ತೀನಿ.”

“ಅನ್ನಲ್ಲ. ಇನ್ಮ್ಯಾಲೆ ನಾನು ತಿಕ್ಕೋದೇ ಹಿಂಗೆ. ನಮ್ಮವ್ವ ಕಲಿಸಿದಂಗೆ. ನೀವು ಕರೆಸಿದ್ದ ಮೇಷ್ಟ್ರು ಕಲಿಸಿದಂಗೆ. ಯಾರ ಬೆನ್ನಾದ್ರೂ ಸರಿ. ನನ್ನ ಕೈ ಮಣಿಕಟ್ಟಿಗೆ ಮುಗಿಯಲ್ಲ ಮೇಡಂ.”

“ಹಂಗಾರೆ ನಾಳೆಯಿಂದ ಬರಬ್ಯಾಡ.”

ಅವ್ವನ ಮಣೆ ತೆಗೆದುಕೊಂಡೆ. ಲತಾ ಮಂಚದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕುದಿಯುವ ನೀರು ಸುರಿಯುತ್ತಿದ್ದಳು. ಬರ್ತೀನಿ ಲತಾ ಅಂದೆ. ಅವಳು ತಲೆ ಎತ್ತಲಿಲ್ಲ.

ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಪಕ್ಕದ ಸೀಟಿನಲ್ಲಿ ಮಣೆ ಇಟ್ಟುಕೊಂಡೆ. ಹರಿಹರದವರೆಗೂ ಯಾರ ಹೆಗಲೂ ತಾಗಲಿಲ್ಲ.

ಮೂರು ದಿನ ಬಾಗಿಲು ಹಾಕಿಕೊಂಡು ಕೂತೆ. ಇಡೀ ದಿನ ಯಾರನ್ನೂ ಮುಟ್ಟದೆ ಇದ್ದದ್ದು ನನ್ನ ಬದುಕಿನಲ್ಲೇ ಮೊದಲು. ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಕ್ಕಿ ಡಬ್ಬದಲ್ಲಿ ಕೈ ಇಟ್ಟುಕೊಂಡು ಕೂತೆ.

ನಾಲ್ಕನೆಯ ದಿನ ಸಂಜೆ ಫೋನ್ ಬಂತು. ರೂಪಶ್ರೀ. ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ದುರುಗಮ್ಮಾ, ಅತ್ತೇರು ಮೂರು ದಿನದಿಂದ ಮಲಗಿಲ್ಲ. ಬೆನ್ನು ಮತ್ತೆ ಹಿಡ್ಕೊಂಡೈತೆ. ನೀನೇ ಬೇಕಂತೆ. ಮನಿಗೇ ಬಾ. ಸೆಂಟರಿಗೆ ಗೊತ್ತಾಗೋದು ಬ್ಯಾಡ.”

“ಮೊಣಕೈ ಹಾಕ್ತೀನಿ” ಅಂದೆ.

“ಹಾಕು. ಅವ್ರು ಒಪ್ಪಿದಾರೆ.” ದನಿ ಇನ್ನೂ ತಗ್ಗಿಸಿದಳು. “ಹಿತ್ತಲ ಬಾಗಿಲಿಂದ ಬರಬೇಕಂತೆ. ಮತ್ತೆ... ಯಾರಾದ್ರೂ ಕೇಳಿದ್ರೆ ಅಂಗೈಲೇ ತಿಕ್ಕಿದ್ದು ಅನ್ನಬೇಕಂತೆ. ಅಷ್ಟೇ. ಒಂದು ಮಾತು ತಾನೆ?”

ಒಂದು ಮಾತು. ಅವ್ವನ ಕೈ ತಿಂದದ್ದೂ ಒಂದು ಮಾತೇ.

ಕೆಲಸ ಬೇಕಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಬೆನ್ನು ಬೇಕಿತ್ತು ನನಗೆ, ಕೊಟ್ರಮ್ಮನದಾದರೂ ಸರಿ. ಬೆಚ್ಚಗಿನ, ಉಸಿರಾಡುವ ಒಂದು ಮೈ. ಹೂಂ ಅನ್ನಲು ಬಾಯಿ ತೆರೆದಿತ್ತು. ಬಂದದ್ದು ಬೇರೆ ಮಾತು.

“ರೂಪಶ್ರೀ ಅಮ್ಮಾರೆ, ನಿಮ್ಮತ್ತೇರ ಬಾಯಾಗೆ ಅನ್ನಿಸ್ರಿ, ಇದು ನೀಲಕ್ಕನ ಮಗಳ ಮೊಣಕೈ ಅಂತ. ನೀಲಿ ಅಲ್ಲ, ನೀಲಕ್ಕ. ಮುಂದಿನ ಬಾಗಿಲು ತೆಗೀರಿ. ನಾಳೆ ಮೊದಲ ಬಸ್ಸಿಗೇ ಬರ್ತೀನಿ.”

ಆ ಕಡೆಯಿಂದ ಫೋನ್ ಕಟ್ಟಾಯಿತು. ಹೊತ್ತು ಮುಳುಗುವವರೆಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾದೆ. ಮತ್ತೆ ಬರಲಿಲ್ಲ.

ಎದ್ದು ಎಣ್ಣೆ ಬೆಚ್ಚಗೆ ಮಾಡಿದೆ. ಮಣೆಯ ಮೇಲೆ ಬಲಗೈ ಚಾಚಿ ಇಟ್ಟೆ. ಎಡಗೈಯ ಮುಂಗೈಗೆ ಎಣ್ಣೆ ಸವರಿ, ಬಲಗೈಯ ಮುಂಗೈ ಮೇಲೆ ಹಗೂರ ಎಳೆದೆ, ಮಣಿಕಟ್ಟಿನಿಂದ ಮೊಣಕೈವರೆಗೆ. ಡಾಕ್ಟರ್ ಹೇಳಿದ ಹಾಗೆ. ಅವ್ವ ಹೇಳಿದ ಹಾಗೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ನಾಲ್ಕು ವರ್ಷ ಅವ್ವ ಈ ಕೋಣೆಯಲ್ಲೇ ಮಲಗಿದ್ದಳು. ಊರಿನ ಅಷ್ಟೂ ಮೈ ತಿಕ್ಕಿದ ಅವಳ ಕೈಗೆ ಯಾರೂ ಒಂದು ತೊಟ್ಟು ಎಣ್ಣೆ ಹಚ್ಚಿರಲಿಲ್ಲ. ನಾನೂ ಹಚ್ಚಿರಲಿಲ್ಲ.